ಹಗೇವಿನ ಬಾಯಿ

ಕಳೆದ ದೀಪಾವಳಿಗೆ ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಮನೆಯಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರಿದ್ದೆವು. ಹೋಳಿಗೆ ಊಟವಾಗಿ, ಗಂಡಸರು ಪಾತ್ರೆ ತೊಳೆಯುವ ನಾಟಕ ಮುಗಿಸಿ, ಎಲ್ಲರೂ ಕಾಫಿ ಹಿಡಿದು ಕೂತಾಗ ಬೆಂಗಳೂರು ಕಡೆಯ ಒಬ್ಬ ಗೆಳೆಯ ತನ್ನ ಲ್ಯಾಪ್‌ಟಾಪ್ ತೆರೆದ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ನನ್ನನ್ನು ಅಣ್ಣ ಎಂದೂ ನನ್ನ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಾನೆ. ವೇಲ್ಸ್‌ನ ಗುಡ್ಡಗಳ ನಡುವೆ ಎರಡು ಎಕರೆ ಜಮೀನನ್ನೂ ಅದರಲ್ಲಿರುವ ಹಳೆಯ ಕಲ್ಲಿನ ಕೊಟ್ಟಿಗೆಯನ್ನೂ ನೋಡಿ ಬಂದಿದ್ದ. ರಜೆಯ ಮನೆಯಿರಬೇಕು ಎಂದುಕೊಂಡೆವು. ಅಲ್ಲ. ಕರೆಂಟು, ಬ್ಯಾಂಕು, ಪೊಲೀಸು, ಅಂಗಡಿ ಎಲ್ಲ ಒಂದು ದಿನ ನಿಂತುಹೋದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬದುಕುವ ಜಾಗ ಅದು.

ಪಟ್ಟಿ ಅಚ್ಚುಕಟ್ಟಾಗಿತ್ತು. ನಾಲ್ಕು ಜನಕ್ಕೆ ಎರಡು ವರ್ಷಕ್ಕಾಗುವಷ್ಟು ಅಕ್ಕಿ ಬೇಳೆ, ಗಾಳಿಯಾಡದ ಡಬ್ಬಿಗಳಲ್ಲಿ. ನೀರು ಸೋಸುವ ಸಾಧನ, ಸೌರಫಲಕ, ಬಿತ್ತನೆ ಬೀಜ, ಹಲ್ಲುನೋವಿನ ಔಷಧಿ. ಕೊನೆಯ ಅಂಕಣದ ತಲೆಬರಹ ‘ಒಳಗೆ ಯಾರು’ ಎಂದಿತ್ತು. ನಮ್ಮಿಬ್ಬರ ಹೆಸರೂ ಇತ್ತು. "ಅಕ್ಕ ನರ್ಸ್ ಅಲ್ವಾ, ತುಂಬಾ ಬೇಕಾಗ್ತಾರೆ" ಎಂದ. ನನ್ನ ಹೆಸರಿನ ಮುಂದಿನ ಖಾನೆ ಖಾಲಿ. ಪ್ರಬಂಧ ಬರೆಯುವವನಿಂದ ಆ ಕೊಟ್ಟಿಗೆಯಲ್ಲಿ ಏನುಪಯೋಗವೆಂದು ಅವನಿಗೂ ಹೊಳೆದಿರಲಿಲ್ಲ.

ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ನಾವೇನೋ ಬಂದ್ವಿ. ನಮ್ಮ ಹಿಂದೇನೇ ಇನ್ಯಾರಾದ್ರೂ ಬಂದು ಬಾಗಿಲು ತಟ್ಟಿದರೆ?"

"ಅದೇ ಅಕ್ಕಾ ಕಷ್ಟದ ಪ್ರಶ್ನೆ" ಎಂದವನು ದನಿ ತಗ್ಗಿಸಿ ಹೇಳಿದ: ಈ ದೇಶದಲ್ಲಿ ಆತ್ಮರಕ್ಷಣೆಗೆಂದು ಬಂದೂಕಿನ ಪರವಾನಗಿ ಕೊಡುವುದಿಲ್ಲ, ಆದರೆ ಬಿಲ್ಲು ಬಾಣಕ್ಕೆ ಪರವಾನಗಿಯೇ ಬೇಡ. ಬಿಲ್ಲುವಿದ್ಯೆಯ ತರಗತಿಗೆ ಹೆಸರು ಕೊಟ್ಟಿದ್ದಾನಂತೆ.

ಎಲ್ಲರೂ ನಕ್ಕರು. ನನಗೆ ಪೂರ್ತಿ ನಗಲಾಗಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಅವನನ್ನು ತಲೆಕೆಟ್ಟವನೆಂದು ತಳ್ಳಿಹಾಕುವುದು ಸುಲಭ. ಆದರೆ ನಾವಿರುವ ಈ ಪ್ರದೇಶದ ನೆಲದೊಳಗೇ ಇಂಥ ಭಯಗಳು ಹೂತಿವೆ. 1940ರ ನವೆಂಬರ್ 14ರ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಪಕ್ಕದ ಕೊವೆಂಟ್ರಿಯಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಆಗ ಮನೆಮನೆಯ ಹಿತ್ತಲಲ್ಲಿ ಆರು ಜನ ಕೂರಬಹುದಾದ, ಮಣ್ಣು ಮುಚ್ಚಿದ ತಗಡಿನ ಆಂಡರ್ಸನ್ ಗೂಡುಗಳಿದ್ದವು; ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ದುಡಿಯುವವರಿಗೆ ಸರ್ಕಾರವೇ ಪುಕ್ಕಟೆ ಕೊಟ್ಟಿತ್ತು. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಡ್ರೇಕ್‌ಲೋ ಎಂಬಲ್ಲಿ ಮರಳುಗಲ್ಲಿನ ಗುಡ್ಡ ಕೊರೆದು ಮೈಲಿಗಟ್ಟಲೆ ಸುರಂಗ ಮಾಡಿದ್ದಾರೆ. ಮಹಾಯುದ್ಧದಲ್ಲಿ ವಿಮಾನದ ಎಂಜಿನ್ನಿನ ಭಾಗಗಳನ್ನು ತಯಾರಿಸಲು ಕೊರೆದದ್ದು, ಶೀತಲಯುದ್ಧದ ಕಾಲದಲ್ಲಿ ಅಣುಬಾಂಬಿನ ನಂತರ ಈ ಪ್ರಾಂತ್ಯವನ್ನು ಆಳಬೇಕಾದ ಅಧಿಕಾರಿಗಳ ಅಡಗುದಾಣವಾಯಿತು. ಅವರ ಮಟ್ಟಿಗೆ ‘ಒಳಗೆ ಯಾರು’ ಎಂಬ ಅಂಕಣವನ್ನು ಸರ್ಕಾರವೇ ತುಂಬಿತ್ತು. ಉಳಿದವರಿಗೆ 1980ರಲ್ಲಿ ‘ಪ್ರೊಟೆಕ್ಟ್ ಅಂಡ್ ಸರ್ವೈವ್’ ಎಂಬ ಕಿರುಪುಸ್ತಕ ಬಂತು. ಕೋಣೆಯ ಬಾಗಿಲುಗಳನ್ನು ಕಿತ್ತು ಒಳಗೋಡೆಗೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಮಣ್ಣಿನ ಚೀಲ ಪೇರಿಸಿ, ಹದಿನಾಲ್ಕು ದಿನದ ಊಟ ನೀರು ಇಟ್ಟುಕೊಂಡು, ಮನೆ ಬಿಟ್ಟು ಕದಲಬೇಡಿ ಎಂದಿತು. ದೊರೆಗಳಿಗೆ ಗುಡ್ಡ, ಪ್ರಜೆಗಳಿಗೆ ಬಾಗಿಲ ಹಲಗೆ. 2024ರ ಮೇ ತಿಂಗಳಿನಲ್ಲಿ ಇದೇ ದೇಶದ ಸರ್ಕಾರ ಮತ್ತೆ ಪ್ರಜೆಗಳಿಗೆ ನೀರಿನ ಬಾಟಲಿ, ಡಬ್ಬಿಯ ಆಹಾರ, ಟಾರ್ಚು, ಬ್ಯಾಟರಿ ರೇಡಿಯೊ ಇಟ್ಟುಕೊಂಡಿರಿ ಎಂದು ಸಲಹೆ ಕೊಟ್ಟಿದೆ. ಹಾಗಾಗಿ ಕೂಡಿಡುವುದು ಹುಚ್ಚು ಎನ್ನಲಾರೆ. ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿ ಕಂಡು ಬೆಳೆದ ನಾವಂತೂ ಹಾಗೆ ಅನ್ನುವ ಹಾಗೇ ಇಲ್ಲ.

ಪ್ರಶ್ನೆಯಿರುವುದು ಬಾಗಿಲಲ್ಲಿ. ಇದನ್ನು ಮುಚ್ಚುಮರೆಯಿಲ್ಲದೆ ಕೇಳಿದ್ದು 1961ರ ಅಮೆರಿಕ. ಆ ಜುಲೈನಲ್ಲಿ ಕೆನಡಿ ಬರ್ಲಿನ್ ಬಿಕ್ಕಟ್ಟಿನ ಬಗ್ಗೆ ಮಾಡಿದ ಭಾಷಣ ಕೇಳಿ ಜನ ಹಿತ್ತಲಲ್ಲಿ ನೆಲಮಾಳಿಗೆ ತೋಡತೊಡಗಿದರು. ಸೆಪ್ಟೆಂಬರಿನಲ್ಲಿ ಎಲ್. ಸಿ. ಮೆಕ್‌ಹ್ಯೂ ಎಂಬ ಜೆಸ್ಯೂಟ್ ಪಾದ್ರಿ ‘ಅಮೆರಿಕ’ ಎಂಬ ಕ್ಯಾಥೊಲಿಕ್ ಪತ್ರಿಕೆಯಲ್ಲಿ ಮಾಳಿಗೆಯ ಬಾಗಿಲ ಬಳಿಯ ನೀತಿಯ ಬಗ್ಗೆ ಲೇಖನ ಬರೆದರು. ಅವರ ವಾದದ ಸಾರ ಇಷ್ಟು: ನಿನ್ನ ಸಂಸಾರಕ್ಕೆಂದು ಕಟ್ಟಿದ ಜಾಗಕ್ಕೆ ನೆರೆಯವನು ಬಲವಂತದಿಂದ ನುಗ್ಗಿ ಎಲ್ಲರ ಪ್ರಾಣಕ್ಕೂ ಸಂಚಕಾರ ತಂದರೆ, ಬಲಪ್ರಯೋಗದಿಂದ ತಡೆಯುವ ಹಕ್ಕು ನಿನಗಿದೆ. ನೀನು ನಿನ್ನ ಜಾಗ ಬಿಟ್ಟುಕೊಟ್ಟರೆ ಅದು ದೊಡ್ಡ ತ್ಯಾಗ. ಆದರೆ ಮಕ್ಕಳ ಜಾಗವನ್ನು ಬಿಟ್ಟುಕೊಡಲು ನಿನಗೆ ಅಧಿಕಾರವಿಲ್ಲ. ದೊಡ್ಡ ಗದ್ದಲವಾಯಿತು. ವಾಷಿಂಗ್ಟನ್ನಿನ ಬಿಷಪ್ ಆಂಗಸ್ ಡನ್ ಇದನ್ನು ಕಟುವಾಗಿ ವಿರೋಧಿಸಿದರು. ಸರ್ವನಾಶದ ನಂತರ ಲೋಕಕ್ಕೆ ಬೇಕಾಗುವಂಥ ಮನುಷ್ಯ, ನೆರೆಯವನಿಗೆ ಜಾಗವಿಲ್ಲದ ಬಿಲ ತೋಡುವವನಲ್ಲ ಎಂಬುದು ಅವರ ಮಾತಿನ ಭಾವ.

ನನ್ನ ಮನಸ್ಸು ಬಿಷಪ್ಪರ ಕಡೆಗಿದ್ದರೂ ಪಾದ್ರಿಯ ವಾದವನ್ನು ಸುಲಭವಾಗಿ ಮುರಿಯಲಾಗದು. ಮಕ್ಕಳನ್ನು ಸಾಕುವ ಯಾರಿಗೂ ಅದು ಒಳಗೆ ತಟ್ಟುತ್ತದೆ. ನನಗೆ ಅದರಲ್ಲಿ ಸರಿಕಾಣದ್ದು ಬೇರೆಯೇ. ಅಲ್ಲಿ ಬಾಗಿಲು ತಟ್ಟುವವನಿಗೆ ನಿನ್ನೆ ಎಂಬುದಿಲ್ಲ. ಅವನು ಆ ರಾತ್ರಿಯೇ ಆಕಾಶದಿಂದ ಉದುರಿದವನ ಹಾಗೆ ಬರುತ್ತಾನೆ. ನಿಜದಲ್ಲಿ ಅವನು ಹತ್ತು ವರ್ಷ ಪಕ್ಕದಲ್ಲೇ ಇದ್ದವನು. ನೀನು ಕಾಂಕ್ರೀಟು ಹಾಕುವಾಗ ಬೇಲಿಯಾಚೆಯಿಂದ ಏನು ಮಾಡ್ತಿದ್ದೀರಿ ಎಂದು ಕೇಳಿರುತ್ತಾನೆ. ಆಗ ನೀನು ಏನು ಉತ್ತರ ಕೊಟ್ಟೆ ಎಂಬುದನ್ನು ಬಿಟ್ಟು, ಆ ಕೊನೆಯ ಕ್ಷಣದಲ್ಲಿ ಕೋವಿ ಎತ್ತಬಹುದೇ ಎಂದು ಮಾತ್ರ ಕೇಳಿದರೆ ಉತ್ತರ ಹೇಗೂ ಕೋವಿಯ ಕಡೆಗೇ ವಾಲುತ್ತದೆ.

ಅದೇ ವರ್ಷ ಲಾಸ್ ವೇಗಾಸ್‌ನ ನಾಗರಿಕ ರಕ್ಷಣೆಯ ಮುಖಂಡನೊಬ್ಬ, ಕ್ಯಾಲಿಫೋರ್ನಿಯಾದಿಂದ ಓಡಿಬರುವ ನಿರಾಶ್ರಿತರನ್ನು ಗಡಿಯಲ್ಲೇ ತಡೆಯಲು ಐದು ಸಾವಿರ ಜನರ ಪಡೆ ಬೇಕೆಂದಿದ್ದ. ಮನೆಯ ಬಾಗಿಲು ಹೀಗೆಯೇ ರಾಜ್ಯದ ಗಡಿಯಾಗುತ್ತದೆ. ಓದಿದಾಗ ಅಮೆರಿಕನ್ನರ ಅತಿರೇಕ ಎನಿಸಿತ್ತು, ನಮ್ಮ ತಲಪಾಡಿ ನೆನಪಾಗುವವರೆಗೆ.

2020ರ ಮಾರ್ಚ್ ಕೊನೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕೊರೊನಾ ಪ್ರಕರಣಗಳು ಏರುತ್ತಿದ್ದಾಗ ಕರ್ನಾಟಕ ತನ್ನ ಗಡಿ ಮುಚ್ಚಿತು. ತಲಪಾಡಿಯ ಹೆದ್ದಾರಿಯಲ್ಲಿ ಆಂಬ್ಯುಲೆನ್ಸುಗಳೂ ನಿಂತವು. ಒಳರಸ್ತೆಗಳ ಮೇಲೆ ಮಣ್ಣು ಸುರಿದು ಗುಡ್ಡೆ ಹಾಕಿದರು. ನಕ್ಷೆ ನೋಡಿದವರಿಗೆ ಅದು ಎರಡು ರಾಜ್ಯಗಳ ನಡುವಿನ ಗೆರೆ. ಅಲ್ಲಿಯವರಿಗೆ ಹಾಗಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ; ಮಂಗಳೂರು ಅದರ ಜಿಲ್ಲಾಕೇಂದ್ರ. ರಾಜ್ಯ ಬದಲಾದರೂ ಆಸ್ಪತ್ರೆ ಬದಲಾಗಲಿಲ್ಲ. ಡಯಾಲಿಸಿಸ್‌ಗೆ, ಹೆರಿಗೆಗೆ, ಎದೆನೋವಿಗೆ ಮಂಜೇಶ್ವರ ಉಪ್ಪಳದವರು ಹೋಗುತ್ತಿದ್ದದ್ದು ಮಂಗಳೂರಿಗೇ. ಗಡಿ ಮುಚ್ಚಿದ ದಿನಗಳಲ್ಲಿ ಚಿಕಿತ್ಸೆ ಸಿಗದೆ ಹಲವು ರೋಗಿಗಳು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ದಶಕಗಳ ಕಾಲ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ನೆಲ ಅದು. ಒಳಗೆ ಸೇರಿಸಿಕೊಳ್ಳಿ ಎಂದು ಅಷ್ಟು ವರ್ಷ ಬಾಗಿಲು ತಟ್ಟಿದವರ ಮುಂದೆ ನಾವು ಮಣ್ಣಿನ ಗುಡ್ಡೆ ಹಾಕಿದೆವು. ‘ನಾವು’ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಆಗ ಇಲ್ಲಿ ಕೂತು ಸುದ್ದಿ ಓದಿದ ಗದಗ ಜಿಲ್ಲೆಯ ನನಗೆ ಮೊದಲು ಅನಿಸಿದ್ದು, ಸದ್ಯ, ನಮ್ಮವರು ಎಚ್ಚರವಾಗಿದ್ದಾರೆ ಎಂದೇ.

ಗಡಿ ಮುಚ್ಚಿದವರ ಭಯ ಸುಳ್ಳಾಗಿರಲಿಲ್ಲ. ಸೋಂಕು ನಿಜ, ಮಂಗಳೂರಿನಲ್ಲಿ ಹಾಸಿಗೆಗಳಿಗೆ ಮಿತಿಯಿದ್ದದ್ದೂ ನಿಜ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ತುರ್ತು ಚಿಕಿತ್ಸೆ ಬೇಕಾದ ರೋಗಿಗಳನ್ನು ತಲಪಾಡಿಯಲ್ಲಿ ನಿಯಮಗಳ ಪ್ರಕಾರ ಬಿಡಲು ಒಪ್ಪಂದವಾಯಿತೆಂದು ಕೋರ್ಟಿಗೆ ತಿಳಿಸಲಾಯಿತು. ಗಡಿಯೇನೂ ಹಾರು ಹೊಡೆದು ತೆರೆಯಲಿಲ್ಲ. ಕಾಗದ ಕೇಳಿ, ತಪಾಸಣೆ ಮಾಡಿ ಬಿಡುವ ಕಿರುಬಾಗಿಲು ಅದು. ಆ ಕಿರುಬಾಗಿಲನ್ನು ಮೊದಲ ದಿನವೇ ಇಡಬಹುದಿತ್ತಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಮಣ್ಣು ಸುರಿದವರು ಯಾರೂ ಕೊಲ್ಲಬೇಕೆಂದು ಸುರಿಯಲಿಲ್ಲ. ಲೆಕ್ಕ ಹಾಕುವಾಗ ಡಯಾಲಿಸಿಸ್‌ಗೆ ಬರುವವರು ಲೆಕ್ಕದಲ್ಲೇ ಇರಲಿಲ್ಲ, ಅಷ್ಟೆ.

ಲೆಕ್ಕದಲ್ಲಿ ಇಲ್ಲದವರು ಎಂದಾಗ ನನಗೆ ಅರಗಿನ ಮನೆ ನೆನಪಾಗುತ್ತದೆ. ವಿದುರ ಕಳಿಸಿದ ಕುಶಲಿಯೊಬ್ಬ ಗುಟ್ಟಾಗಿ ಸುರಂಗ ತೋಡಿದ. ಪಾಂಡವರು ತಾಯಿಯೊಂದಿಗೆ ಪಾರಾದರು. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ಚಪ್ಪಾಳೆ ತಟ್ಟಿದವರೇ ನಾವೆಲ್ಲ. ಆದರೆ ಆ ರಾತ್ರಿ ಕುಂತಿಯ ಔತಣಕ್ಕೆ ಬಂದಿದ್ದ ಬೇಡತಿ ಮತ್ತವಳ ಐದು ಮಕ್ಕಳು ಉಂಡು ಕುಡಿದು ಅಲ್ಲೇ ಮಲಗಿದ್ದರು. ಬೆಂಕಿಯಿಟ್ಟದ್ದು ಭೀಮ. ಬೆಳಿಗ್ಗೆ ಸಿಕ್ಕ ಆರು ಹೆಣಗಳೇ ಪಾಂಡವರು ಸತ್ತರೆಂಬುದಕ್ಕೆ ಸಾಕ್ಷಿಯಾದವು. ಸುರಂಗ ಗುಟ್ಟಾಗಿರಬೇಕಿತ್ತು, ಗುಟ್ಟು ಉಳಿಯಲು ಆ ಆರು ಜನರನ್ನು ಎಬ್ಬಿಸುವ ಹಾಗಿರಲಿಲ್ಲ.

ಈಗ ನನ್ನ ಸ್ವಂತ ಗುಟ್ಟಿಗೆ ಬರುತ್ತೇನೆ. ಅದೇ 2020ರ ಮಾರ್ಚಿನಲ್ಲಿ ನಾನು ವಾರವಿಡೀ ಅಂಗಡಿ ಅಂಗಡಿ ಸುತ್ತಿದೆ. ಇಲ್ಲಿ ಪ್ಯಾರಾಸಿಟಮಾಲ್ ಒಮ್ಮೆಗೆ ಎರಡು ಪೊಟ್ಟಣಕ್ಕಿಂತ ಹೆಚ್ಚು ಕೊಡುವುದಿಲ್ಲ. ಹಾಗಾಗಿ ಆರು ಅಂಗಡಿ. ಸೋನಾಮಸೂರಿ ನಾಲ್ಕು ಚೀಲ, ತೊಗರಿಬೇಳೆ, ಡಬ್ಬಿಯ ಟೊಮೆಟೊ, ಕಾಗದದ ಸುರುಳಿ. ಎಲ್ಲವನ್ನೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತುಂಬಿದೆ. ಕತ್ತಲಾದ ಮೇಲೆ ಕಾರಿನಿಂದ ಇಳಿಸಿದೆ. ಯಾಕೆ ಕತ್ತಲಾದ ಮೇಲೆ ಎಂದು ಹೆಂಡತಿ ಕೇಳಿದಾಗ ಏನೋ ಗೊಣಗಿದೆ.

ನಮ್ಮ ಪಕ್ಕದ ಮನೆಯ ಅಜ್ಜಿ ಜಮೈಕಾದಲ್ಲಿ ಹುಟ್ಟಿ, ಅರವತ್ತರ ದಶಕದಲ್ಲಿ ಈ ಊರಿಗೆ ದುಡಿಯಲು ಬಂದವರು. ಆ ಕಾಲದಲ್ಲಿ ಇಲ್ಲಿಯ ಸಂಸದ ಈನಾಕ್ ಪವೆಲ್. ದ್ವೀಪದ ಬಾಗಿಲು ಮುಚ್ಚಬೇಕು, ಬಂದವರನ್ನು ವಾಪಸು ಹೋಗಲು ಪ್ರೋತ್ಸಾಹಿಸಬೇಕು ಎಂದು 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಆತ ಮಾಡಿದ ಭಾಷಣ ಕುಖ್ಯಾತ. ನಾವು ಈ ಬೀದಿಗೆ ಬಂದ ದಿನ ಬಿಸಿ ಕೇಕು ತಂದು ಕೊಟ್ಟವರು ಈ ಅಜ್ಜಿಯೊಬ್ಬರೇ. ಲಾಕ್‌ಡೌನಿನ ಮೊದಲ ವಾರ ಬೇಲಿಯ ಆಚೆ ನಿಂತು, ಪ್ಯಾರಾಸಿಟಮಾಲ್ ಎಲ್ಲೂ ಸಿಗುತ್ತಿಲ್ಲ, ನಿಮ್ಮಲ್ಲಿ ಇದೆಯಾ ಎಂದು ಕೇಳಿದರು. "ನಮ್ಮಲ್ಲೂ ಕಡಿಮೆಯೇ ಇದೆ" ಎಂದು ಎಂಟು ಗುಳಿಗೆಯ ಒಂದು ಹಾಳೆ ತಂದುಕೊಟ್ಟೆ. ಅವರು ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಒಳಗೆ ಹೋದರು. ಬೇಸಿಗೆ ಬಂದು ಎಲ್ಲ ಸಡಿಲವಾದ ಮೇಲೆ ಒಂದು ದಿನ ಗುಲಾಬಿ ಗಿಡ ಕತ್ತರಿಸುತ್ತಾ, "ಪಾಪ, ಆವತ್ತು ರಾತ್ರಿ ಅಷ್ಟೊಂದು ಚೀಲ ಒಬ್ಬರೇ ಹೊರುತ್ತಿದ್ದಿರಿ, ಬೆನ್ನು ನೋಯಲಿಲ್ಲವಾ?" ಎಂದರು. ಕುಹಕವೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ದೀಪಾವಳಿಯ ರಾತ್ರಿ ನನಗೆ ನಗು ಬಾರದ್ದು ಇದಕ್ಕೇ. ನನ್ನ ಬಳಿ ಬಿಲ್ಲು ಇರಲಿಲ್ಲ, ಸುಳ್ಳಿತ್ತು. ಕೂಡಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಬಚ್ಚಿಟ್ಟದ್ದಕ್ಕೆ ಇದೆ. ಬಚ್ಚಿಟ್ಟದ್ದನ್ನು ಕಾಯಲು ಮೊದಲು ಸುಳ್ಳು ಬೇಕು. ಸುಳ್ಳು ಸಾಲದ ದಿನ ಬಾಣ.

ಕೂಡಿಡುವುದಕ್ಕೂ ಬಚ್ಚಿಡುವುದಕ್ಕೂ ಇರುವ ಅಂತರ ನನಗೆ ಗೊತ್ತಾಗಬೇಕಿತ್ತು, ಏಕೆಂದರೆ ನಾನು ಹಗೇವು ಕಂಡವನು. ಹಳೆಯ ಮೈಸೂರಿನ ಓದುಗರಿಗಾಗಿ ಹೇಳುವುದಾದರೆ, ಹಗೇವು ಎಂದರೆ ಜೋಳ ತುಂಬಿಡುವ ನೆಲದ ಕಣಜ. ಗಡಿಗೆಯ ಆಕಾರ, ಬಾಯಿ ಕಿರಿದು, ಹೊಟ್ಟೆ ಹಿರಿದು. ಸುತ್ತ ಕಣಿಕೆ, ಹೊಟ್ಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮುಚ್ಚುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಆ ಜೋಳದ ರೊಟ್ಟಿಗೆ ಒಂದು ಬಗೆಯ ಮುಗ್ಗಲು ವಾಸನೆ. ರೂಢಿಯಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ, ರೂಢಿಯಾದವರು ಅದನ್ನೇ ಹುಡುಕುತ್ತಾರೆ. ನಮ್ಮ ಹಗೇವು ಮನೆಯ ಮುಂದೆ, ಎತ್ತಿನ ಗಾಡಿ ತಿರುಗುವ ಜಾಗದಲ್ಲಿತ್ತು. ಯಾರ ಹಗೇವು ಎಲ್ಲಿ, ಯಾವ ವರ್ಷದ ಜೋಳ ಎಂಬುದು ಓಣಿಗೆಲ್ಲ ಗೊತ್ತು.

ಅದನ್ನು ತೆರೆಯುವ ದಿನ ನನಗೆ ಚೆನ್ನಾಗಿ ನೆನಪಿದೆ. ಮಣ್ಣು ಸರಿಸಿ ಚಪ್ಪಡಿ ಎತ್ತಿದ ಮೇಲೆ ತಕ್ಷಣ ಇಳಿಯುವಂತಿಲ್ಲ. ಒಳಗಿನ ಕೆಟ್ಟಗಾಳಿಗೆ ಮನುಷ್ಯ ಉಸಿರುಗಟ್ಟಿ ಸಾಯುತ್ತಾನೆ. ಬಾಯಿ ತೆರೆದಿಟ್ಟು ಕಾಯಬೇಕು. ಕಂದೀಲು ಇಳಿಬಿಟ್ಟು ದೀಪ ನಿಲ್ಲುತ್ತದೋ ಆರುತ್ತದೋ ನೋಡಬೇಕು. ಆಮೇಲೆ ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಮೇಲೆ ಹಗ್ಗ ಹಿಡಿಯಲು ಇಬ್ಬರು, ಬುಟ್ಟಿ ಎಳೆಯಲು ಇಬ್ಬರು. ಒಮ್ಮೆ ನಾನು ಅವಸರ ಮಾಡಿ ಬಗ್ಗಿದಾಗ ಅಪ್ಪ ಅಂಗಿ ಹಿಡಿದು ಹಿಂದಕ್ಕೆಳೆದು ಬೈದರು: "ಹುಚ್ಚಪ್ಯಾಲಿ, ಇದು ಒಬ್ಬಾಂವ ತೆಗಿಯೋದಲ್ಲ. ನಿಂದ್ರು, ಮಂದಿ ಬರಲಿ."

ಇದನ್ನು ಬರೆಯುತ್ತಾ ಹಳ್ಳಿಯ ಗುಣಗಾನಕ್ಕೆ ಇಳಿಯುತ್ತಿದ್ದೇನೆಂಬ ಅನುಮಾನ ನನಗೇ ಇದೆ. ಹಗೇವು ಇದ್ದದ್ದು ಹೊಲವಿದ್ದವರಿಗೆ. ಒಳಗಿಳಿದು ಜೋಳ ತುಂಬಿಕೊಡುತ್ತಿದ್ದವನ ಮನೆಯಲ್ಲಿ ಹಗೇವಿರಲಿಲ್ಲ. ಅವನಿಗೆ ಸಿಗುತ್ತಿದ್ದದ್ದು ಸೆರಗಿನಷ್ಟು ಜೋಳ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳೆಲ್ಲ ಬೆಂದವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದದ್ದು 1881ರಲ್ಲಿ 42 ಲಕ್ಷದ ಹತ್ತಿರ ಬಂದು ನಿಂತಿತ್ತು. ಓಣಿಗೆಲ್ಲ ಗೊತ್ತಿದ್ದ ಮಾತ್ರಕ್ಕೆ ಓಣಿಯೆಲ್ಲ ಉಂಡಿತು ಎಂದಲ್ಲ. ಆದರೂ, ಗೊತ್ತಿದ್ದ ಕಾಳಿನ ಬಾಗಿಲಲ್ಲಿ ಕೇಳಲಾದರೂ ಬರುತ್ತದೆ. ಇಲ್ಲ ಎನ್ನುವವನು ಮುಖ ನೋಡಿ ಇಲ್ಲ ಎನ್ನಬೇಕಾಗುತ್ತದೆ, ನಾಳೆ ಹಗ್ಗ ಹಿಡಿಯಲು ಅವರನ್ನೇ ಕರೆಯಬೇಕೆಂಬ ಅಳುಕಿನಲ್ಲಿ.

ಗೆಳೆಯನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ಬಿಡಲಿಲ್ಲ. "ಅಣ್ಣಾ, ಎಲ್ಲರಿಗೂ ಹೇಳಿಬಿಟ್ಟರೆ ಮೊದಲು ಲೂಟಿಯಾಗೋದು ನಮ್ಮ ಕೊಟ್ಟಿಗೇನೇ." ಸರಿಯಾದ ಮಾತೇ. ಆದರೆ ಅವನ ಲೆಕ್ಕವನ್ನೇ ಹಿಡಿದು ನೋಡಿದೆವು. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ರಾತ್ರಿಯಿಡೀ ಕಾವಲು ಕಾಯುವವರು ಯಾರು, ಹಗಲು ಆಲೂಗಡ್ಡೆ ನೆಡುವವರು ಯಾರು, ಒಬ್ಬರಿಗೆ ಜ್ವರ ಬಂದರೆ? ಮೂರನೆಯ ರಾತ್ರಿಗೇ ಬಿಲ್ಲು ಹಿಡಿದವನು ತೂಕಡಿಸುತ್ತಾನೆ. ನಾಲ್ಕು ಜನರ ಎರಡು ವರ್ಷದ ಅಕ್ಕಿ ಹನ್ನೆರಡು ಜನಕ್ಕೆ ಎಂಟು ತಿಂಗಳು. ಎಂಟು ತಿಂಗಳಲ್ಲಿ ಒಂದು ಬೆಳೆ ತೆಗೆಯಬಹುದು, ಸರದಿಯಲ್ಲಿ ನಿದ್ದೆ ಮಾಡಬಹುದು. ಕೊಟ್ಟಿಗೆಯ ಸುತ್ತಲಿನ ವೆಲ್ಷ್ ರೈತರ ಹೆಸರು ಅವನಿಗೆ ಒಂದೂ ಗೊತ್ತಿರಲಿಲ್ಲ. ಕುರಿ ಸಾಕುವ, ಟ್ರ್ಯಾಕ್ಟರ್ ರಿಪೇರಿ ಮಾಡಬಲ್ಲ ಅವರೆಲ್ಲ ಅವನ ಪಟ್ಟಿಯಲ್ಲಿ ‘ಅಪಾಯ’ ಎಂಬ ಖಾನೆಯಲ್ಲಿದ್ದರು.

"ಹನ್ನೆರಡು ಸರಿ. ಹದಿಮೂರನೆಯವನು ಬಂದರೆ? ನೂರನೆಯವನು?" ಎಂದು ಕೇಳಿದ. 1974ರಲ್ಲಿ ಗ್ಯಾರೆಟ್ ಹಾರ್ಡಿನ್ ಮುಳುಗುವವರ ನಡುವಿನ ದೋಣಿಯ ಹೋಲಿಕೆಯಲ್ಲಿ ಶ್ರೀಮಂತ ದೇಶಗಳಿಗೆ ಹೇಳಿದ್ದು ಇದನ್ನೇ: ಎಲ್ಲರನ್ನೂ ಹತ್ತಿಸಿಕೊಂಡರೆ ಎಲ್ಲರೂ ಮುಳುಗುತ್ತಾರೆ. ನನ್ನಲ್ಲಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಯಾವುದೋ ಒಂದು ಸಂಖ್ಯೆಗೆ ಬಾಗಿಲು ಮುಚ್ಚಲೇಬೇಕಾದೀತು, ಆಗ ಮುಚ್ಚುವವನ ಕೈ ಚೊಕ್ಕಟವಾಗಿರಲಾರದು. ಆದರೆ ಆ ಸಂಖ್ಯೆಯನ್ನು ಒಬ್ಬನೇ ಕೂತು, ಎಲ್ಲರೂ ಮಲಗಿರುವಾಗ, ಪರದೆಯ ಮೇಲೆ ಬರೆಯುವುದು ಬೇರೆ. ಮುಚ್ಚಿಸಿಕೊಳ್ಳಬೇಕಾದವರೂ ಕೂತ ಪಂಕ್ತಿಯಲ್ಲಿ ಬರೆಯುವುದು ಬೇರೆ. ತಲಪಾಡಿಯ ಕಿರುಬಾಗಿಲು ಸಾಧ್ಯವಾದದ್ದು ಎರಡೂ ಕಡೆಯವರು ಒಂದು ಕಡೆ ಬಾಯಿಬಿಟ್ಟ ಮೇಲೆಯೇ. ಇಷ್ಟು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಜಮೀನಿನ ಬೆಲೆ ಹೇಗೂ ಜಾಸ್ತಿಯಾಯಿತು ಎಂದ. ಬಿಲ್ಲುವಿದ್ಯೆಯ ತರಗತಿ ಬಿಟ್ಟಿಲ್ಲ, ಮಕ್ಕಳಿಗೆ ಇಷ್ಟವಾಗಿದೆಯಂತೆ.

ಉಪದೇಶ ಮಾಡಿದ ಮೇಲೆ ನಾನೂ ಏನಾದರೂ ಮಾಡಬೇಕಲ್ಲ. ಜನವರಿಯ ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿಯನ್ನು ಚಹಾಕ್ಕೆ ಕರೆದು, ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆರೆದು ತೋರಿಸಿದೆ. ಏನಾದರೂ ಆದರೆ ಇಲ್ಲಿದೆ, ಮನೆಯ ಇನ್ನೊಂದು ಕೀಲಿ ನಿಮ್ಮ ಹತ್ತಿರ ಇರಲಿ ಎಂದೆ. ಅಂದು ಹೇಳಿದ ಸುಳ್ಳನ್ನೂ ಒಪ್ಪಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ಒಂದೊಂದೇ ಡಬ್ಬಿ ತಿರುಗಿಸಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ತಾರೀಕು ಮುಗಿದದ್ದನ್ನೆಲ್ಲ ಒಂದು ಕಡೆ ಇಡು ಎಂದರು. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಡಬ್ಬಿ ಟೊಮೆಟೊ, ಮೂರು ಪೊಟ್ಟಣ ಗುಳಿಗೆ ಹೊರಗೆ ಬಂದಿದ್ದವು. ಅಕ್ಕಿಯಲ್ಲಿ ಹುಳ ಬಿದ್ದಿತ್ತು.